ಹೊಟ್ಟೆಯ ಒತ್ತಡಕ್ಕೆ ಮನಸ್ಸಿನ ಮದ್ದೇ?

ಕೆಮ್ಮಿದರೆ, ಸೀನಿದರೆ, ನಕ್ಕರೆ, ತುಂಬಿದ ಕೊಡ ಎತ್ತಿದರೆ ತಡೆಯಲಾರದೆ ಮೂತ್ರ ಸೋರುವ ಬೇನೆಯೊಂದು ಹೆಂಗಸರಿಗುಂಟು. ವೈದ್ಯರು ಇದನ್ನು ‘ಸ್ಟ್ರೆಸ್ ಇನ್‌ಕಾಂಟಿನೆನ್ಸ್’ ಎನ್ನುತ್ತಾರೆ. ನಮ್ಮ ಅನುವಾದಕ ಮಹಾಶಯರು ‘ಸ್ಟ್ರೆಸ್’ ಕಂಡೊಡನೆ ‘ಒತ್ತಡ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಇಂದಿನ ಕನ್ನಡದಲ್ಲಿ ಒತ್ತಡವೆಂದರೆ ಮನಸ್ಸಿನ ಚಿಂತೆ. ಅದನ್ನೋದಿದ ಹೆಂಗಸು ಧ್ಯಾನಕ್ಕೆ ಕೂರುತ್ತಾಳೆ. ಮೂತ್ರ ಸೋರುತ್ತಲೇ ಇರುತ್ತದೆ. ಕನ್ನಡ ಮೇಷ್ಟರಿಗೆ ಈ ವಿಷಯದಲ್ಲೇನು ಕೆಲಸವೆಂದು ಮೂಗು ಮುರಿಯುವವರಿಗೆ ಇದೇ ಉತ್ತರ.

ಇಲ್ಲಿನ ಒತ್ತಡ ಹೊಟ್ಟೆಯೊಳಗಿನದು. ಮೂತ್ರಕೋಶವನ್ನೂ ಮೂತ್ರನಾಳವನ್ನೂ ಕೆಳಗಿನಿಂದ ಎತ್ತಿ ಹಿಡಿದಿರುವ ಸ್ನಾಯುಗಳು ಹೆರಿಗೆಯಿಂದ, ವಯಸ್ಸಿನಿಂದ, ಬಹುಕಾಲದ ಕೆಮ್ಮಿನಿಂದ, ಮೈಭಾರದಿಂದ ಸಡಿಲಗೊಂಡಿದ್ದರೆ ಕೆಮ್ಮಿನ ನೂಕಿಗೆ ನಾಳ ಬಿಗಿಯಾಗಿ ಮುಚ್ಚಿಕೊಳ್ಳದು. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಹೊರೆ ಹೊರುವವಳಿಗೂ ಚನ್ನರಾಯಪಟ್ಟಣದ ತೋಟದಲ್ಲಿ ತೆಂಗಿನಕಾಯಿ ಮೂಟೆ ಎತ್ತುವವಳಿಗೂ ಭಾರವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದಿರುವುದು ಇದಕ್ಕೆ ಮದ್ದುಂಟೆಂಬುದು. “ಮೂರು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಕಣೇ” ಎಂದು ಅತ್ತೆ ಮಾತು ಮುಗಿಸುತ್ತಾಳೆ. ಹೊಳೆನರಸೀಪುರದಲ್ಲಿ ಬಸ್ಸು ಹತ್ತಬೇಕೆಂದು ಬೆಳಗಿನಿಂದ ನೀರನ್ನೇ ಮುಟ್ಟದವರುಂಟು.

ಪತ್ತೆ ಹಚ್ಚುವುದು ಬ್ರಹ್ಮವಿದ್ಯೆಯೇನಲ್ಲ. ಯಾವಾಗ ಸೋರುತ್ತದೆಂದು ಕೇಳಬೇಕು. ಸೋಂಕಿದೆಯೇ ಎಂದು ಮೂತ್ರ ಪರೀಕ್ಷಿಸಬೇಕು. ಕುಡಿದದ್ದು, ಹೋದದ್ದು, ಸೋರಿದ್ದನ್ನು 3 ದಿನ ಬರೆಸಿಡಬೇಕು. ಗರ್ಭಕೋಶ ಜಾರಿದೆಯೇ ನೋಡಬೇಕು. ಮೂತ್ರಕೋಶ ತುಂಬಿರುವಾಗ ಕೆಮ್ಮಿಸಿ ನೋಡಬೇಕು. ಅವಸರವಾಗಿ ಬಂದು, ಬಚ್ಚಲು ಮುಟ್ಟುವಷ್ಟರಲ್ಲಿ ಸೋರಿದರೆ ಅದು ಬೇರೆ ಬೇನೆ; ಅದರ ಚಿಕಿತ್ಸೆಯೂ ಬೇರೆ.

ಮೊದಲ ಚಿಕಿತ್ಸೆಗೆ ಔಷಧದಂಗಡಿಯೇ ಬೇಡ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ 1948ರಲ್ಲಿ ಬರೆದು ತಿಳಿಸಿದ ವ್ಯಾಯಾಮವದು: ಮೂತ್ರ ತಡೆಯುವಾಗಿನಂತೆ ಒಳಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವುದು, ಸಲಕ್ಕೆ 8 ಬಾರಿಯಾದರೂ, ದಿನಕ್ಕೆ 3 ಸಲ, 3 ತಿಂಗಳು ಬಿಡದೆ. ಚೀಟಿ ಕೊಟ್ಟು ಕಳಿಸಿದರೆ ಸಾಲದು. ಸರಿಯಾದ ಸ್ನಾಯುವೇ ಬಿಗಿಯುತ್ತಿದೆಯೇ ಎಂದು ತಿಳಿದವರು ನೋಡಿ ಕಲಿಸಬೇಕು. ಇದರಿಂದ ಗುಣ ಕಾಣದವರಿಗೆ ಶಸ್ತ್ರಕ್ರಿಯೆಯುಂಟು. ರೋಗಿಯ ಮೈಯದೇ ಪೊರೆಯ ಪಟ್ಟಿಯನ್ನು ನಾಳದಡಿ ಜೋಲಿಯಂತೆ ಕಟ್ಟುವುದು ಒಂದು ಬಗೆ. ಪ್ಲಾಸ್ಟಿಕ್ ಜಾಲರಿಯ ಪಟ್ಟಿ ಇಡುವುದು ಇನ್ನೊಂದು. ಜಾಲರಿಯಿಂದ ನೋವುಂಡ ಹೆಂಗಸರ ದೂರಿನ ಮೇಲೆ ಇಂಗ್ಲೆಂಡು 2018ರಲ್ಲಿ ಅದರ ಬಳಕೆಗೆ ತಡೆಯೊಡ್ಡಿತು. ಆದಕಾರಣ ಕೇಳಿ ತಿಳಿದೇ ಒಪ್ಪಬೇಕು. ಸೋರುವುದೊಂದಕ್ಕಾಗಿ ಗರ್ಭಕೋಶ ತೆಗೆಸುವುದು ಮಾತ್ರ ಚಿಕಿತ್ಸೆಯೇ ಅಲ್ಲ.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬಾಣಂತಿಯ ಮನೆಗೆ ಹೋದಾಗ ಮಗುವಿನ ತೂಕ ಕೇಳುವ ಬಾಯಲ್ಲೇ “ಕೆಮ್ಮಿದರೆ ಸೋರುತ್ತೇನಮ್ಮಾ?” ಎಂದು ಕೇಳಲು ಯಾವ ಯಂತ್ರ ಬೇಕು? ‘ಕೆಮ್ಮುಸೋರಿಕೆ’ ಎನ್ನಿ, ಚೆನ್ನಾಗಿಲ್ಲವೆನ್ನುವವರು ಇದಕ್ಕಿಂತ ಒಳ್ಳೆಯ ಮಾತು ತರಲಿ. ಆ ‘ಒತ್ತಡ’ವನ್ನು ಮಾತ್ರ ಆರೋಗ್ಯದ ಕೈಹಾಳೆಗಳಿಂದ ಹೊಡೆದುಹಾಕಿ.