ಲ್ಯಾಟಿನ್ನಿನ ಮೊದಲ ಪಾಠಗಳು ಮತ್ತು ಕನ್ನಡದ ವಿದ್ಯಾರ್ಥಿ

‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರವು ಅಧ್ಯಾಪಕರೆಲ್ಲರಿಗೂ ಕಂಠಸ್ಥವಾಗಿರುತ್ತದೆ. ಆದರೆ ಪರಭಾಷೆಯನ್ನು ಬೋಧಿಸುವ ಸಂದರ್ಭ ಒದಗಿದಾಗ ಮೊದಲು ಮರೆತುಹೋಗುವುದೂ ಈ ಸೂತ್ರವೇ ಎಂಬುದು ವಿಷಾದದ ಸಂಗತಿ. ಲ್ಯಾಟಿನ್ ಭಾಷೆಯನ್ನು ಇಂಗ್ಲಿಷಿನ ಮೂಲಕವಲ್ಲದೆ ಕಲಿಯಲು ಸಾಧ್ಯವೇ ಇಲ್ಲ, ಇಂಗ್ಲಿಷಿನಲ್ಲಿ ಹಿಂದುಳಿದವನಿಗೆ ಅದರ ಗೊಡವೆಯೇ ಬೇಡ ಎಂಬ ನಂಬಿಕೆ ಇದಕ್ಕೆ ನಿದರ್ಶನ. ಪ್ರಾಚೀನ ರೋಮಿನ ಈ ಭಾಷೆ ಇಂದು ಜನರ ಆಡುಮಾತಾಗಿ ಉಳಿದಿಲ್ಲವಾದರೂ ಸಸ್ಯಶಾಸ್ತ್ರ, ವೈದ್ಯ, ನ್ಯಾಯಶಾಸ್ತ್ರಗಳ ಪರಿಭಾಷೆಯಲ್ಲಿ ಬಾಳುತ್ತಿದೆ. ಹಳ್ಳಿಯಿಂದ ಬಂದ ಬಾಲಕನೂ ವಿಜ್ಞಾನದ ತರಗತಿಯಲ್ಲಿ ಅದರ ಶಬ್ದಗಳನ್ನು ಬಾಯಿಪಾಠ ಮಾಡಲೇಬೇಕಾಗುತ್ತದೆ. ಆದುದರಿಂದ ಮೇಲಿನ ನಂಬಿಕೆ ಎಷ್ಟು ಸರಿ ಎಂಬುದನ್ನು ಪರಿಶೀಲಿಸುವುದು ಅಗತ್ಯ. ಅದಕ್ಕೆ ಪ್ರಾರಂಭದ ಮೂರು ಪಾಠಗಳೇ ಸಾಕು: ಬಂಧುವಾಚಕ ಶಬ್ದಗಳು, ವಿಶೇಷಣಗಳ ಹೊಂದಾಣಿಕೆ ಮತ್ತು ಸಂಖ್ಯೆಗಳು.

ಲ್ಯಾಟಿನ್ನಿನಲ್ಲಿ ತಂದೆ ಪತೆರ್, ತಾಯಿ ಮಾತೆರ್, ಸೋದರ ಫ್ರಾತೆರ್, ಸೋದರಿ ಸೊರೊರ್. ಪಿತೃ, ಮಾತೃ, ಭ್ರಾತೃ, ಸ್ವಸೃ ಎಂಬ ಸಂಸ್ಕೃತ ಶಬ್ದಗಳನ್ನು ಬಲ್ಲವರಿಗೆ ಇವು ಅಪರಿಚಿತವೆನಿಸವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದುದು ಪ್ರಸಿದ್ಧವಾಗಿದೆ. ಕನ್ನಡವು ದ್ರಾವಿಡ ಭಾಷೆಯಾದುದರಿಂದ ಆ ವಂಶಕ್ಕೆ ಸೇರಿದುದಲ್ಲ. ಆದರೂ ನಂಟಸ್ತಿಕೆಯ ವಿವೇಚನೆಯಲ್ಲಿ ಲ್ಯಾಟಿನ್ನಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರವಾಗಿದೆ. ತಂದೆಯ ಸೋದರನು ಪತ್ರುವುಸ್, ತಾಯಿಯ ಸೋದರನು ಅವುಂಕುಲುಸ್. ತಂದೆಯ ಸೋದರಿ ಅಮಿತ, ತಾಯಿಯ ಸೋದರಿ ಮಾತೆರ್ತೆರ. ಇಂಗ್ಲಿಷಿನ ‘ಅಂಕಲ್’ ಎಂಬುದು ಅವುಂಕುಲುಸ್‌ನಿಂದಲೂ ‘ಆಂಟ್’ ಎಂಬುದು ಅಮಿತದಿಂದಲೂ ಫ್ರೆಂಚಿನ ಮುಖಾಂತರ ಬಂದವು. ಬಂದ ಮೇಲೆ ತಂದೆಯ ಕಡೆ, ತಾಯಿಯ ಕಡೆ ಎಂಬ ಭೇದ ಉಳಿಯಲಿಲ್ಲ. ಆದಕಾರಣ ಇಂಗ್ಲಿಷ್ ಬಾಲಕನಿಗೆ ಈ ನಾಲ್ಕು ಶಬ್ದಗಳನ್ನು ವಿವರಿಸಿ ಹೇಳಬೇಕಾಗುತ್ತದೆ. ಚಿಕ್ಕಪ್ಪನನ್ನೂ ಸೋದರಮಾವನನ್ನೂ, ಸೋದರತ್ತೆಯನ್ನೂ ಚಿಕ್ಕಮ್ಮನನ್ನೂ ತೊಟ್ಟಿಲಿನಿಂದಲೇ ಬೇರೆ ಬೇರೆಯಾಗಿ ಬಲ್ಲ ಕನ್ನಡದ ಮಗುವಿಗೆ ವಿವರಣೆಯ ಅವಶ್ಯಕತೆಯೇ ಇಲ್ಲ. ಅವುಂಕುಲುಸ್ ಶಬ್ದದ ಮೂಲಾರ್ಥ ‘ಚಿಕ್ಕ ಅಜ್ಜ’ ಎಂದು. ತಂದೆಯ ತಮ್ಮನನ್ನು ‘ಚಿಕ್ಕ ಅಪ್ಪ’ ಎನ್ನುವವರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಅಣ್ಣ, ತಮ್ಮ ಇಬ್ಬರಿಗೂ ಅಲ್ಲಿ ಫ್ರಾತೆರ್ ಎಂಬ ಒಂದೇ ಶಬ್ದವಿರುವುದನ್ನು ಮಾತ್ರ ಅಧ್ಯಾಪಕರು ತಿಳಿಸಿದರಾಯಿತು.

ಎರಡನೆಯ ಪಾಠ ಕಠಿಣವೆಂದು ಪ್ರತೀತಿ. ಲ್ಯಾಟಿನ್ನಿನಲ್ಲಿ ವಿಶೇಷಣವು ಲಿಂಗ, ವಚನ, ವಿಭಕ್ತಿ ಮೂರರಲ್ಲಿಯೂ ವಿಶೇಷ್ಯವನ್ನು ಅನುಸರಿಸಬೇಕು. ಒಳ್ಳೆಯ ಮಗ ಫೀಲಿಯುಸ್ ಬೊನುಸ್. ಒಳ್ಳೆಯ ಮಗಳು ಫೀಲಿಯ ಬೊನ. ಒಳ್ಳೆಯ ಕಾಣಿಕೆ ದೋನುಮ್ ಬೊನುಮ್. ಕನ್ನಡದಲ್ಲಿ ಮೂರು ಕಡೆಯೂ ‘ಒಳ್ಳೆಯ’ ಎಂಬುದು ಬದಲಾಗದೆ ನಿಲ್ಲುವುದರಿಂದ ಈ ನಿಯಮ ಕನ್ನಡಿಗರಿಗೆ ಹೊಸದೆಂದು ತೋರುವುದು ಸಹಜ. ಆದರೆ ಅದೇ ಮಾತನ್ನು ತಿರುಗಿಸಿ ಹೇಳಿದರೆ ಮಗನು ಒಳ್ಳೆಯವನು, ಮಗಳು ಒಳ್ಳೆಯವಳು, ಕಾಣಿಕೆ ಒಳ್ಳೆಯದು ಎಂದಾಗುತ್ತದೆ. ಇಂಗ್ಲಿಷಿನ ‘ಗುಡ್’ ಶಬ್ದ ಎಲ್ಲಿಯೂ ಹೀಗೆ ರೂಪಭೇದ ಹೊಂದುವುದಿಲ್ಲ. ಹೊಂದಾಣಿಕೆಯ ಪಾಠವನ್ನು ‘ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು’ ಎಂಬಲ್ಲಿಂದ ಪ್ರಾರಂಭಿಸಿದರೆ ಅರ್ಧ ಕಷ್ಟ ಅಲ್ಲಿಯೇ ಪರಿಹಾರವಾಗುತ್ತದೆ.

ಉಳಿದ ಅರ್ಧವೆಂದರೆ ಹೊಂದಾಣಿಕೆಯು ಪ್ರಾಸವಲ್ಲ ಎಂಬ ತಿಳಿವಳಿಕೆ. ಒಕ್ಕಲಿಗನಿಗೆ ಅಗ್ರಿಕೊಲ ಎನ್ನುತ್ತಾರೆ. ಕೊನೆಯ ಅಕ್ಷರವನ್ನು ನೋಡಿ ವಿದ್ಯಾರ್ಥಿಯು ‘ಅಗ್ರಿಕೊಲ ಬೊನ’ ಎಂದು ಬರೆದುಬಿಡುತ್ತಾನೆ. ಶಬ್ದವು ಪುಲ್ಲಿಂಗವಾದುದರಿಂದ ‘ಅಗ್ರಿಕೊಲ ಬೊನುಸ್’ ಎಂಬುದೇ ಸರಿ. ಇದಕ್ಕೆ ಉದಾಹರಣೆಗಳು ಕರ್ನಾಟಕದ ತೋಟ, ಕಾಡುಗಳಲ್ಲಿಯೇ ದೊರೆಯುತ್ತವೆ. ಶ್ರೀಗಂಧಕ್ಕೆ ಸ್ಯಾಂಟಲಮ್ ಆಲ್ಬಮ್ ಎಂದೂ ಹಿಪ್ಪುನೇರಳೆಗೆ ಮೋರಸ್ ಆಲ್ಬಾ ಎಂದೂ ಕರಿಮೆಣಸಿಗೆ ಪೈಪರ್ ನೈಗ್ರಮ್ ಎಂದೂ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಹೆಸರಿಟ್ಟನು. ಆಲ್ಬಮ್, ಆಲ್ಬಾ ಎರಡಕ್ಕೂ ‘ಬಿಳಿಯ’ ಎಂದೇ ಅರ್ಥ. ಸ್ಯಾಂಟಲಮ್ ನಪುಂಸಕಲಿಂಗವಾದುದರಿಂದ ‘ಬಿಳಿಯದು’. ಮೋರಸ್ ನೋಡಲು ಪುಲ್ಲಿಂಗದಂತಿದ್ದರೂ ಮರದ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗವೆಂಬುದು ಲ್ಯಾಟಿನ್ನಿನ ರೂಢಿಯಾದುದರಿಂದ ‘ಬಿಳಿಯವಳು’. ಹುಣಿಸೆಯು ಟ್ಯಾಮರಿಂಡಸ್ ಇಂಡಿಕಾ ಆದುದಕ್ಕೂ, ಅರಳಿಯು ಫೈಕಸ್ ರಿಲಿಜಿಯೋಸಾ ಆದುದಕ್ಕೂ ಇದೇ ಕಾರಣ. ಇಷ್ಟನ್ನು ಹೇಳಿಕೊಟ್ಟರೆ ಉರು ಹೊಡೆಯುವ ಹೊರೆ ಇಳಿದು ಹೆಸರು ಅರ್ಥವತ್ತಾಗುತ್ತದೆ.

ಸಂಖ್ಯೆಗಳ ಪಾಠದಲ್ಲಿಯೂ ಇದೇ ಮಾತು. ಒಬ್ಬ ಮಗ ಊನುಸ್ ಫೀಲಿಯುಸ್, ಒಬ್ಬಳು ಮಗಳು ಊನ ಫೀಲಿಯ, ಒಂದು ಕಾಣಿಕೆ ಊನುಮ್ ದೋನುಮ್. ಲ್ಯಾಟಿನ್ನಿನಲ್ಲಿ ಮೂರರವರೆಗೆ ರೂಪಭೇದವುಂಟು. ನಾಲ್ಕು ಎಂಬರ್ಥದ ಕ್ವತ್ತುವೊರ್ ಎಲ್ಲ ಲಿಂಗಗಳಲ್ಲಿಯೂ ಒಂದೇ. ಕನ್ನಡದಲ್ಲಿಯೂ ಒಬ್ಬ, ಒಬ್ಬಳು, ಒಂದು ಎಂಬ ಭೇದವಿದೆ. ಇಬ್ಬರು, ಮೂವರು, ನಾಲ್ವರು, ಐವರು ಎಂದು ಮನುಷ್ಯರನ್ನು ಬೇರೆಯಾಗಿ ಎಣಿಸಿ, ಅನಂತರ ಆರು ಜನ, ಏಳು ಜನ ಎಂದು ಸಾಗುವುದೇ ಇಂದಿನ ರೂಢಿ. ಚಿಕ್ಕ ಸಂಖ್ಯೆಗಳು ಮಾತ್ರ ರೂಪ ಬದಲಿಸುತ್ತವೆಂಬ ನಿಯಮವನ್ನು ವಿದ್ಯಾರ್ಥಿ ತನಗರಿವಿಲ್ಲದೆಯೇ ಪಾಲಿಸುತ್ತಿರುತ್ತಾನೆ. ಹತ್ತೊಂಬತ್ತಕ್ಕೆ ಲ್ಯಾಟಿನ್ನಿನಲ್ಲಿ ‘ಇಪ್ಪತ್ತರಿಂದ ಒಂದು ಕಳೆದುದು’ ಎಂಬರ್ಥದ ಊನ್‌ದೇವೀಗಿಂತಿ ಎಂಬ ಶಬ್ದವಿದೆ. ಸಂಸ್ಕೃತದ ಏಕೋನವಿಂಶತಿಯನ್ನು ಕೇಳಿದವನಿಗೆ ಅದು ಒಡನೆಯೇ ಹೊಳೆಯುತ್ತದೆ. ಸಪ್ತ, ಅಷ್ಟ, ನವ, ದಶಗಳನ್ನು ಹೋಲುವ ಸೆಪ್ತೆಮ್, ಒಕ್ತೊ, ನೊವೆಮ್, ದೆಕೆಮ್‌ಗಳು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳಲ್ಲಿ ಅಡಗಿವೆ. ರೋಮನರ ಹಳೆಯ ವರ್ಷವು ಮಾರ್ಚಿಯಿಂದ ಆರಂಭವಾಗುತ್ತಿದ್ದುದೇ ಅದಕ್ಕೆ ಕಾರಣ.

ಹಾಗೆಂದ ಮಾತ್ರಕ್ಕೆ ಬಾಯಿಪಾಠ ಬೇಡವೆಂದಲ್ಲ. ಮಗ್ಗಿಯಿಲ್ಲದೆ ಗಣಿತವಿಲ್ಲ, ರೂಪಾವಳಿಯಿಲ್ಲದೆ ಲ್ಯಾಟಿನ್ನೂ ಇಲ್ಲ. ಆದರೆ ಅರ್ಥವು ಮೊದಲು ಬಂದು ರೂಪಾವಳಿ ಅನಂತರ ಬರಬೇಕು. ಇಂಗ್ಲಿಷಿನ ಪ್ರಯೋಜನವನ್ನು ಅಲ್ಲಗಳೆಯುವ ಉದ್ದೇಶವೂ ಇಲ್ಲಿಲ್ಲ. ಪುಸ್ತಕ ಇಂಗ್ಲಿಷಿನದೇ ಇರಲಿ. ಕರಿಹಲಗೆಯ ಮೇಲಿನ ಉದಾಹರಣೆ ಕನ್ನಡದ್ದಾಗಿರಲಿ.

ಈ ಪ್ರಶ್ನೆ ಲ್ಯಾಟಿನ್ನಿಗಷ್ಟೇ ಸೀಮಿತವಾದುದಲ್ಲ. ಪ್ರಸಾದನಿಲಯದಲ್ಲಿದ್ದು ಓದುವ ರೈತರ ಮಗನು ಇಂಗ್ಲಿಷ್ ಸರಿಯಾಗಿ ಬಾರದ ಒಂದೇ ಕಾರಣದಿಂದ ತಾನು ದಡ್ಡನೆಂದು ಭಾವಿಸಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಾನೆ. ಅವನ ಮನೆಮಾತಿನಲ್ಲಿಯೇ ಇರುವ ವ್ಯಾಕರಣಜ್ಞಾನವನ್ನು ಅವನಿಗೆ ತೋರಿಸಿಕೊಟ್ಟರೆ ಆ ಮೌನ ಮುರಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಅತ್ಯುನ್ನತವಾದ ಅನುಭಾವವನ್ನು ಹೇಳುವುದಕ್ಕೂ ಕನ್ನಡ ಸಾಲದೆಂದು ಭಾವಿಸಲಿಲ್ಲ. ಅವರ ಹೆಸರಿನಲ್ಲಿ ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಸುವ ವಿದ್ಯಾಸಂಸ್ಥೆಗಳು, ಅಲ್ಲಿಯ ಅಧ್ಯಾಪಕರು ಮತ್ತು ಅವುಗಳನ್ನು ಪೋಷಿಸುವ ದಾನಿಗಳು ಈ ಮಾತನ್ನು ಮನಗಂಡರೆ, ಪರಭಾಷೆಯ ಯಾವ ಪಾಠವೂ ಬಡ ವಿದ್ಯಾರ್ಥಿಗೆ ನಿಲುಕದ ವಸ್ತುವಾಗಲಾರದು.