ಹರಳಿನ ಪೆಂಡೆಂಟ್‌ನಲ್ಲಿ 'ಕ್ವಾಂಟಮ್ ಶಕ್ತಿ' ಇದೆಯೇ?

ಹರಳಿನ ಪೆಂಡೆಂಟ್ ಹಾಕಿಕೊಂಡರೆ ಮೈಬಿಸಿಗೆ ಅದರ 'ಕ್ವಾಂಟಮ್ ಶಕ್ತಿ' ಎಚ್ಚರಗೊಳ್ಳುತ್ತದೆ ಎನ್ನುವಂಥ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಹರಳುಗಳಲ್ಲಿ ಕ್ವಾಂಟಮ್ ಸ್ಥಿತಿ ಬದಲಾಗುವುದು ಸುಳ್ಳಲ್ಲ. ಆದರೆ ಅದು ನಡೆಯುವ ಬಗೆಯೇ ಬೇರೆ.

ಮಂಜುಗಡ್ಡೆ ನೀರಾಗಲು ಶಾಖ ಬೇಕು. ಕ್ವಾಂಟಮ್ ಸ್ಥಿತಿ ಬದಲಾವಣೆಗೆ ಶಾಖ ಬೇಕಿಲ್ಲ. ಒತ್ತಡ, ಕಾಂತಕ್ಷೇತ್ರ ಅಥವಾ ಪದರದ ದಪ್ಪ ಬದಲಾದರೆ ಸಾಕು. 2007ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವನ್ನೇ ನೋಡೋಣ. ಮರ್ಕ್ಯುರಿ ಟೆಲ್ಯುರೈಡ್ ಪದರ ಸುಮಾರು 6.3 ನ್ಯಾನೋಮೀಟರ್‌ಗಿಂತ ತೆಳುವಾಗಿದ್ದಾಗ ಅದು ವಿದ್ಯುತ್ ಹರಿಯದ ಸಾಮಾನ್ಯ ಅವಾಹಕ. (ನಮ್ಮ ತಲೆಗೂದಲು ಇದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ದಪ್ಪ!) ಆ ಮಿತಿ ದಾಟಿದರೆ ಒಳಭಾಗ ಅವಾಹಕವಾಗಿಯೇ ಉಳಿದು, ಅಂಚಿನಲ್ಲಿ ಮಾತ್ರ ವಿದ್ಯುತ್ ಹರಿಯತೊಡಗುತ್ತದೆ. ಇದನ್ನೇ ಟೋಪೋಲಾಜಿಕಲ್ ಸ್ಥಿತಿ ಎನ್ನುತ್ತಾರೆ. ಸಣ್ಣಪುಟ್ಟ ಕಲ್ಮಶಗಳಿದ್ದರೂ ಅಂಚಿನ ಈ ದಾರಿ ಸುಲಭಕ್ಕೆ ಮುಚ್ಚುವುದಿಲ್ಲ. ಇದು ಕಂಡದ್ದು ಮೈಬಿಸಿಯಲ್ಲಲ್ಲ, ಮೈನಸ್ 270 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಚಳಿಯಲ್ಲಿ.

ಅಂದಹಾಗೆ, 2021ರಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರವು 'ಕ್ವಾಂಟಮ್' ಪೆಂಡೆಂಟ್ ಸೇರಿದಂತೆ 10 ಉತ್ಪನ್ನಗಳು ವಿಕಿರಣ ಸೂಸುತ್ತಿರುವುದನ್ನು ಪತ್ತೆಹಚ್ಚಿ, ಅವನ್ನು ಧರಿಸಬೇಡಿ ಎಂದು ಎಚ್ಚರಿಸಿತ್ತು.