ದಾದಿಯ ಟಿಪ್ಪಣಿಯನ್ನು ಓದುವವರು ಯಾರು?

ದಾದಿಯ ಕೆಲಸವೆಂದರೆ ಇಂಜೆಕ್ಷನ್ ಕೊಡುವುದು, ಗ್ಲುಕೋಸ್ ಬಾಟಲಿ ಬದಲಿಸುವುದು ಎಂದು ನೀವು ತಿಳಿದಿದ್ದರೆ ಅದು ಅರ್ಧ ಸತ್ಯ ಮಾತ್ರ. ರೋಗಿಯನ್ನು ವಿಚಾರಿಸಿ ಪರೀಕ್ಷಿಸುವುದು, ತೊಂದರೆಯನ್ನು ಗುರುತಿಸುವುದು, ಆರೈಕೆಯ ಯೋಜನೆ ಹಾಕುವುದು, ಅದರಂತೆ ನಡೆಯುವುದು, ಫಲ ಸಿಕ್ಕಿತೇ ಎಂದು ನೋಡುವುದು - ಈ ಐದು ಹಂತಗಳಿಗೆ 'ಶುಶ್ರೂಷಾ ಪ್ರಕ್ರಿಯೆ' ಎಂದು ಹೆಸರು. ಅಮೆರಿಕದಲ್ಲಿ 1950-60ರ ದಶಕಗಳಲ್ಲಿ ರೂಪುಗೊಂಡ ಈ ಕ್ರಮವನ್ನು ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಕಲಿಸುತ್ತಾರೆ.

ಒಂದು ಉದಾಹರಣೆ ನೋಡಿ. ಪಾರ್ಶ್ವವಾಯುವಿನಿಂದ ಮಲಗಿದ ವೃದ್ಧರೊಬ್ಬರ ಸೊಂಟದ ಚರ್ಮ ಕೆಂಪಾಗಿದೆ. ದಾದಿ ಅದನ್ನು ಗಮನಿಸಿ ಬರೆದಿಟ್ಟು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ವ್ಯವಸ್ಥೆ ಮಾಡಿ, ಮರುದಿನ ಕೆಂಪು ಇಳಿದಿದೆಯೇ ಎಂದು ನೋಡಿದರೆ ಹಾಸಿಗೆ ಹುಣ್ಣನ್ನು ಹೆಚ್ಚಾಗಿ ತಪ್ಪಿಸಬಹುದು. ಇದಕ್ಕೆ ದುಬಾರಿ ಔಷಧ ಬೇಡ. ಅಲಕ್ಷಿಸಿದರೆ ಹುಣ್ಣು ಮೂಳೆಯವರೆಗೂ ಇಳಿದು, ನಂಜೇರಿ ಜೀವಕ್ಕೇ ಅಪಾಯವಾದೀತು.

ಹಾಗಾದರೆ ಕಲಿತದ್ದು ವಾರ್ಡಿನಲ್ಲಿ ಏಕೆ ನಡೆಯುವುದಿಲ್ಲ? ನಮ್ಮಲ್ಲಿ ಶಿಕ್ಷಣಕ್ಕೆ ಕೊರತೆಯಿಲ್ಲ. ಮಣಿಪಾಲದ ನರ್ಸಿಂಗ್ ಕಾಲೇಜು 1990ರಲ್ಲಿ ಆರಂಭವಾಯಿತು. ಉಡುಪಿಯಲ್ಲಿ 1923ರಲ್ಲಿ ಸ್ಥಾಪನೆಯಾದ ಲೊಂಬಾರ್ಡ್ ಆಸ್ಪತ್ರೆಯೂ ದಾದಿಯರಿಗೆ ತರಬೇತಿ ಕೊಡುತ್ತಾ ಬಂದಿದೆ. ಅಡ್ಡಿಗಳು ಬೇರೆಯೇ ಇವೆ.

ಮೊದಲನೆಯದು ಸಂಖ್ಯೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಾಕೆಯೇ ಇಪ್ಪತ್ತು ಮಂದಿಯನ್ನು ನೋಡಬೇಕಾದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಎರಡನೆಯದು ಭಾಷೆ. ಕೇರಳದಿಂದ ಹೊಸದಾಗಿ ಬಂದ ದಾದಿಗೆ ತುಳುವೋ ಕೊಂಕಣಿಯೋ ಮಾತ್ರ ಬಲ್ಲ ಅಜ್ಜಿಯ ನೋವು ಅರ್ಥವಾಗದಿದ್ದರೆ ಮೊದಲ ಹಂತವೇ ಎಡವುತ್ತದೆ. ಕೆಲಸಕ್ಕೆ ಸೇರಿದ ಕೂಡಲೇ ನಾಲ್ಕು ತುಳು ಮಾತು ಕಲಿಸುವುದು ಆಸ್ಪತ್ರೆಗೆ ಭಾರವೇನಲ್ಲ.

ಮೂರನೆಯದೇ, ನನ್ನ ಅಭಿಪ್ರಾಯದಲ್ಲಿ, ದೊಡ್ಡದು. ದಾದಿ ಬರೆದಿಟ್ಟದ್ದನ್ನು ವೈದ್ಯರು ಓದದಿದ್ದರೆ ಕ್ರಮೇಣ ಆಕೆ ಬರೆಯುವುದೂ ಕೇವಲ ಶಾಸ್ತ್ರಕ್ಕೆ ಎಂಬಂತಾಗುತ್ತದೆ. ರೌಂಡ್ಸ್ ಹೊತ್ತಿನಲ್ಲಿ "ಸಿಸ್ಟರ್, ರಾತ್ರಿ ಏನು ಕಂಡಿರಿ?" ಎಂದು ಕೇಳುವ ವೈದ್ಯರಿದ್ದಲ್ಲಿ ಆಕೆಯ ಕಣ್ಣೂ ಚುರುಕಾಗುತ್ತದೆ. ಕಾಪುವಿನಿಂದಲೋ ಕಾರ್ಕಳದಿಂದಲೋ ರೋಗಿಯನ್ನು ಮಣಿಪಾಲಕ್ಕೆ ಕಳುಹಿಸುವಾಗ ವೈದ್ಯರ ಪತ್ರದೊಂದಿಗೆ ದಾದಿಯ ಟಿಪ್ಪಣಿಯೂ ಹೋಗಬೇಕು. ಇಲ್ಲವಾದರೆ ಸೊಂಟದ ಆ ಕೆಂಪು ಕಲೆಯನ್ನು ಅಲ್ಲಿ ಮತ್ತೆ ಹೊಸದಾಗಿ ಕಂಡುಹಿಡಿಯಬೇಕಾದೀತು.

ನೀವೂ ಸಹಕರಿಸಬಹುದು. ರೋಗಿಯ ಊಟ, ನಿದ್ರೆ, ಮಲಮೂತ್ರ, ಹಿಂದಿನ ಔಷಧ, ಅಲರ್ಜಿ ಇವುಗಳನ್ನು ದಾದಿ ಕೇಳಿದಾಗ "ಡಾಕ್ಟರಿಗೇ ಹೇಳುತ್ತೇವೆ" ಎನ್ನದೆ ವಿವರವಾಗಿ ತಿಳಿಸಿ. ಮಗ್ಗುಲು ಬದಲಿಸುವುದನ್ನು ಆಕೆಯಿಂದಲೇ ಕಲಿತುಕೊಳ್ಳಿ. ಮನೆಗೆ ಮರಳಿದ ಮೇಲೆ ಆ ಕೆಲಸ ನಿಮ್ಮದೇ.